ಬಿಳಿ ಗುಂಡಿ ಒತ್ತಿದ ಭಾನುವಾರ

ನಮ್ಮ ಮನೆಯಲ್ಲಿ ಯಾವ ಕಾಲಕ್ಕೂ ನಾಲ್ಕೈದು ಟೀವಿ ಇರುತ್ತಿದ್ದವು, ಆದರೆ ನಮ್ಮದು ಅಂತ ಹೇಳಿಕೊಳ್ಳುವಂಥದ್ದು ಒಂದೂ ಇರಲಿಲ್ಲ. ಯಳಂದೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಪ್ಪನದು ಟೀವಿ, ರೇಡಿಯೊ ರಿಪೇರಿ ಅಂಗಡಿ. ಒಂದು ಬಾಗಿಲು, ಒಂದು ಮೇಜು, ಅಷ್ಟೇ ಅಂಗಡಿ. ಅಲ್ಲಿ ಹಿಡಿಸದ ಪೆಟ್ಟಿಗೆಗಳೆಲ್ಲ ಮನೆಗೆ ಬಂದು ನಡುಮನೆಯ ಗೋಡೆಗೆ ಒತ್ತಿ ಕೂರುತ್ತಿದ್ದವು. ರಿಪೇರಿಯಾದ ಟೀವಿಯನ್ನು ಎರಡು ದಿನ ಓಡಿಸಿ ನೋಡದೆ ಗಿರಾಕಿಗೆ ಕೊಡಬಾರದು ಅನ್ನುವುದು ಅಪ್ಪನ ಸಿದ್ಧಾಂತ. ಅದಕ್ಕೆ ಅವನು 'ಟೆಸ್ಟಿಂಗ್' ಅನ್ನುತ್ತಿದ್ದ. ಹೀಗಾಗಿ ನಾವು ನೋಡಿದ ಧಾರಾವಾಹಿಗಳಲ್ಲಿ ನಾಯಕಿ ಸೋಮವಾರ ಹಸಿರು ಮುಖದವಳಾಗಿದ್ದರೆ ಬುಧವಾರ ಬಿಳಿಚಿಕೊಂಡಿರುತ್ತಿದ್ದಳು. ಒಮ್ಮೆ ಅವಳಿಗೆ ತಾಳಿ ಕಟ್ಟುವ ಹೊತ್ತಿಗೇ ಟೀವಿಯ ಯಜಮಾನ ಬಂದು, ತಂತಿ ಕಿತ್ತು, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಹೊರಟೇಹೋದ. ಮದುವೆ ಆಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಯ ಯಜಮಾನಿಕೆ ಅಜ್ಜಿಯದು, ಅಂದರೆ ಅಪ್ಪನ ಅವ್ವನದು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಸಿನಿಮಾ ಹಾಡು ಮಾತ್ರ ಅವಳಿಗೆ ಬಾರದ್ದು ಇರಲಿಲ್ಲ. ಹಾಡಿಗೆ ಅವಳು 'ಪದ' ಅನ್ನುತ್ತಿದ್ದಳು. ಕಬ್ಬು ಕಡಿಯುವ ಕಾಲ ಬಂತೆಂದರೆ ಕುಂತೂರಿನ ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರುಗಳು ನಮ್ಮ ಬೀದಿಯ ತುದಿಯಲ್ಲಿ ಸಾಲುಗಟ್ಟುತ್ತಿದ್ದವು, ಒಂದೊಂದರಲ್ಲೂ ಕಿವಿ ಕಿತ್ತುಹೋಗುವಂಥ ಟೇಪು. ನಾವು ಮಕ್ಕಳು ಹಿಂದಿನಿಂದ ಕಬ್ಬು ಎಳೆಯಲು ಓಡಿದರೆ, ಅಜ್ಜಿ ಜಗುಲಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಾ ಕೂತು, ಟ್ರ್ಯಾಕ್ಟರು ಇನ್ನೂ ತಿರುವಿನಲ್ಲಿರುವಾಗಲೇ ಅದು ಯಾವ ಸಿನಿಮಾದ ಪದ, ಆ ಸಿನಿಮಾವನ್ನು ತಾನು ಕೊಳ್ಳೇಗಾಲದ ಟೆಂಟಿನಲ್ಲಿ ಯಾರ ಜೊತೆ ಕೂತು ನೋಡಿದೆ, ಅವತ್ತು ಕಡಲೇಕಾಯಿ ಹುರಿದದ್ದು ಸೀದಿತ್ತೋ ಚೆನ್ನಾಗಿತ್ತೋ ಎಲ್ಲ ಹೇಳಿಬಿಡುತ್ತಿದ್ದಳು. ಸೋಲು ಅಂದರೆ ಅವಳಿಗೆ ಮೈಯೆಲ್ಲ ಉರಿ. ಚೌಕಾಬಾರದಲ್ಲಿ ಸೋತು ಮನೆ ಹಿಂದಿನ ಹೊಂಗೆ ಮರಕ್ಕೆ ಬೈದವಳು ಅವಳು. ನನಗೂ ಅದೇ ಬುದ್ಧಿ ಬಂದಿದೆ ಅಂತ ನನ್ನ ಗಂಡ ಹೇಳುತ್ತಾನೆ. ಹೇಳಲಿ ಬಿಡಿ.

ಅಮ್ಮ ಹನೂರಿನಿಂದಾಚೆ, ಪಾಲಾರ್ ಹತ್ತಿರದ ಹಳ್ಳಿಯವಳು. ಅಲ್ಲಿ ಒಂದೇ ಮನೆಯಲ್ಲಿ ಬೆಳಗಿನ ಜಗಳ ಕನ್ನಡದಲ್ಲಿ ನಡೆದರೆ ಸಂಜೆಯ ರಾಜಿ ತಮಿಳಿನಲ್ಲಿ ಆಗುತ್ತಿತ್ತು. ನಮ್ಮ ಬೀದಿಯಲ್ಲಿ ಸೊಸೆಯರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ತವರೂರೇ ಅವರ ಹೆಸರು. ಎದುರು ಮನೆಯಾಕೆ ಕುಂತೂರೋಳು, ಮೂಲೆ ಮನೆಯಾಕೆ ಹನೂರೋಳು, ನಮ್ಮಮ್ಮ ಪಾಲಾರೋಳು. ಅಮ್ಮ ಸದಾ ಹಾಡುತ್ತಿದ್ದಳು, ಆದರೆ ಬಾಯಿ ಮುಚ್ಚಿಕೊಂಡು. ಅಕ್ಕಿ ತೊಳೆಯುವಾಗ, ನನ್ನ ತಲೆ ಬಾಚುವಾಗ, ಮುದ್ದೆ ತಿರುವುವಾಗ, ಮೂಗಿನಲ್ಲೇ 'ಹ್ಞೂಂ ಹ್ಞೂಂ' ಅಂತ ಗುನುಗು. ತಲೆ ಬಾಚುವಾಗ ಅವಳ ಎದೆಗೆ ನನ್ನ ಬೆನ್ನು ತಗುಲಿರುತ್ತಿತ್ತಲ್ಲ, ರಾಗ ಕಿವಿಗಿಂತ ಮೊದಲು ಬೆನ್ನಿಗೆ ತಿಳಿಯುತ್ತಿತ್ತು. ಅಮ್ಮನ ಹಾಡಿಗೆ ಮಾತೇ ಇರುವುದಿಲ್ಲ ಅಂತ ನಾನು ಬಹಳ ಕಾಲ ನಂಬಿದ್ದೆ.

ನನಗೆ ಒಂಬತ್ತು ತುಂಬಿದ ಬೇಸಿಗೆಯಲ್ಲಿ ಅಮ್ಮನ ತವರಿಗೆ ಹೋಗಿದ್ದೆವು. ಅಂಗಳದಲ್ಲಿ ಹುಣಸೆಹಣ್ಣು ಜಜ್ಜುತ್ತಾ ಕೂತಿದ್ದ ಅಮ್ಮ ಇದ್ದಕ್ಕಿದ್ದಂತೆ ಬಾಯಿ ತೆರೆದು ತಮಿಳಿನಲ್ಲಿ ಹಾಡತೊಡಗಿದಳು. ಅಬ್ಬಾ, ಏನು ಗಂಟಲು! ಬಾವಿಕಟ್ಟೆಯ ಹತ್ತಿರವಿದ್ದ ಹೆಂಗಸರು ಕೊಡ ಇಳಿಸಿ ನಿಂತರು. ನಾನು ಓಡಿಹೋಗಿ ಅವಳ ಮುಂದೆ ಕುಕ್ಕರಿಸಿದೆ.

"ಅಮ್ಮಾ, ನಿಂಗೆ ಮಾತಿರೋ ಪದನೂ ಬತ್ತದಾ?"

"ಬತ್ತದೆ ಕಣಮ್ಮಿ."

"ಮತ್ತೆ ನಮ್ಮನೇಲಿ ಯಾಕೆ ಯೋಳಾಕಿಲ್ಲ?"

"ಆ ಮನೆ ಬ್ಯಾರೆ, ಈ ಮನೆ ಬ್ಯಾರೆ. ಬೀಜ ಆರ್ಸು, ಸುಮ್ನೆ ಕೂರ್ಬ್ಯಾಡ."

ಕಾರಣ ಹೇಳಿದವಳು ಅಮ್ಮನ ಅಕ್ಕ, ನನ್ನ ದೊಡ್ಡಮ್ಮ. ಮದುವೆಯಾದ ಹೊಸದರಲ್ಲಿ ಅಮ್ಮ ರುಬ್ಬುಕಲ್ಲಿನ ಮುಂದೆ ಹೀಗೇ ಹಾಡಿದ್ದಳಂತೆ. ನಲ್ಲಿಯ ಹತ್ತಿರದ ಹೆಂಗಸರು ಅಜ್ಜಿಯನ್ನು ನಿಲ್ಲಿಸಿ, "ನಿಮ್ ಸೊಸೆ ಅಳ್ತಾವ್ಳಾ, ನಿಮ್ಮನ್ನ ಬಯ್ತಾವ್ಳಾ?" ಅಂತ ನಕ್ಕರಂತೆ. ಅಜ್ಜಿಗೆ ಅವಮಾನ ತಡೆಯಲಾಗಲಿಲ್ಲ. ಕೊಡ ಕುಕ್ಕಿ ಒಳಗೆ ಬಂದವಳೇ, "ಈ ಮನೇಲಿ ನಮ್ಗೆ ತಿಳಿಯೋ ಪದ ಯೋಳು, ಇಲ್ದಿದ್ರೆ ಬಾಯ್ ಮುಚ್ಕೊ" ಅಂದಳಂತೆ. ಅಮ್ಮ ಅತ್ತೆಯ ಮಾತನ್ನು ಅಕ್ಷರಶಃ ಪಾಲಿಸಿದಳು. ಬಾಯಿ ಮುಚ್ಚಿಕೊಂಡಳು, ಹಾಡು ಬಿಡಲಿಲ್ಲ. ಆ ಬೇಸಿಗೆಯಿಂದ ನನಗೆ ಒಂದೇ ಹಟ ಹತ್ತಿತು. ಆ ಗಂಟಲನ್ನು ನಮ್ಮ ಯಳಂದೂರಿನ ಮನೆಯೊಳಗೆ ಕೇಳಬೇಕು. ಊರಿಗೆ ಬಂದವಳೇ ಅಜ್ಜಿಯ ಸೆರಗು ಹಿಡಿದು, ಅಮ್ಮನಿಗೆ ಹಾಡಲು ಹೇಳು ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸುಣ್ಣದ ಡಬ್ಬಿಯ ಮುಚ್ಚಳ ತಿರುಗಿಸಿದಳು.

"ನಾನೇನು ಅವ್ಳ ಬಾಯಿಗೆ ಬೀಗ ಹಾಕಿದ್ದೀನಾ? ಓಗು ಕೂಸೇ, ಕೋಳಿ ಒಳಿಕೆ ಬಂದದೆ ಓಡ್ಸು."

ಕೋಳಿ ಬಂದಿರಲಿಲ್ಲ. ತಾನು ಆಡಿದ್ದು ಹೆಚ್ಚಾಯಿತು ಅಂತ ಅವಳಿಗೆ ಗೊತ್ತಿತ್ತು, ನನಗೀಗ ಅರ್ಥವಾಗುತ್ತದೆ. ಆದರೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ಅವಳ ವಂಶದಲ್ಲೇ ಯಾರಿಗೂ ಇರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮನೆಗೆ ಆ ಗೇಮ್ ಪೆಟ್ಟಿಗೆ ಬಂತು. ಟೀವಿಯಲ್ಲಿ ವಾರಕ್ಕೊಮ್ಮೆ ಒಂದು ಹಾಡಿನ ಕ್ವಿಜ್ ಬರುತ್ತಿತ್ತು. ಮಿಂಚುವ ಕೋಟಿನವನೊಬ್ಬ ರಾಗದ ಒಂದು ತುಣುಕು ಕೇಳಿಸಿ, ಇದು ಯಾವ ಹಾಡು ಅಂತ ಕೇಳುತ್ತಿದ್ದ. ಅದನ್ನೇ ಮನೆಯಲ್ಲಿ ಆಡುವ ಹಾಗೆ ಯಾರೋ ಪೆಟ್ಟಿಗೆ ಮಾಡಿ ಮಾರಿದ್ದರು. ಬೆಟ್ಟದ ಮೇಲಿನ ಶಾಲೆಯ ಮೇಷ್ಟ್ರೊಬ್ಬರು ಅದು ಕೆಟ್ಟಿದೆ ಅಂತ ಅಪ್ಪನಿಗೆ ಕೊಟ್ಟು, ಮುಂದಿನ ವಾರ ಬರುತ್ತೇನೆ ಅಂದು, ಬಾರದೇಹೋದರು. ಅಪ್ಪ ಅರ್ಧ ಗಂಟೆಯಲ್ಲಿ ರಿಪೇರಿ ಮುಗಿಸಿದ. ಟೆಸ್ಟಿಂಗ್ ಆರು ತಿಂಗಳು ನಡೆಯಿತು, ಮೇಷ್ಟ್ರು ಫೋನಿನಲ್ಲಿ ಕೇಳಿದಾಗಲೆಲ್ಲ 'ಇನ್ನೂ ಆಗಿಲ್ಲ' ಅನ್ನುತ್ತಿದ್ದ. ಅಂಗೈಯಗಲದ ಪೆಟ್ಟಿಗೆ, ಟೀವಿಗೆ ಚುಚ್ಚಲು ಒಂದು ತಂತಿ, ಮೇಲೆ ಕೆಂಪು, ಹಸಿರು, ಹಳದಿ, ನೀಲಿ ಗುಂಡಿಗಳು. ಪೀಪಿ ಊದಿದಂಥ ಧ್ವನಿಯಲ್ಲಿ ಹತ್ತು ಸೆಕೆಂಡು ರಾಗ ಬರುತ್ತಿತ್ತು, ಪರದೆಯ ಮೇಲೆ ಆ ಕೋಟಿನವನ ಬೊಂಬೆ, ಕೆಳಗೆ ನಾಲ್ಕು ಬಣ್ಣದಲ್ಲಿ ನಾಲ್ಕು ಹಾಡಿನ ಮೊದಲ ಸಾಲು. ಅರ್ಧ ನಿಮಿಷದೊಳಗೆ ಸರಿಯಾದ ಬಣ್ಣ ಒತ್ತಬೇಕು. ಹನ್ನೆರಡು ಮೆಟ್ಟಿಲು. ಎಲ್ಲಿ ತಪ್ಪಿದರೂ ದಬಕ್ಕನೆ ಕೆಳಕ್ಕೆ, ಮತ್ತೆ ಒಂದರಿಂದ. ಐದನೆಯದೊಂದು ಬಿಳಿ ಗುಂಡಿಯೂ ಇತ್ತು, ಅದು 'ಮನೆಯವರ ಸಹಾಯ'. ಟೀವಿಯ ಕ್ವಿಜ್‌ನಲ್ಲಿ ಆಡುವವರ ಮನೆಮಂದಿ ಹಿಂದೆ ಸೋಫಾದಲ್ಲಿ ಕೂತಿರುತ್ತಿದ್ದರಲ್ಲ, ಅವರನ್ನು ಒಂದು ಸಲ ಕೇಳಬಹುದು. ಬಿಳಿ ಗುಂಡಿ ಒತ್ತಿದರೆ ಗಡಿಯಾರ ನಿಲ್ಲುತ್ತಿತ್ತು.

ಮೊದಲ ದಿನವೇ ಅಜ್ಜಿ ಪೆಟ್ಟಿಗೆಯನ್ನು ತನ್ನದು ಮಾಡಿಕೊಂಡಳು. ಸಂಜೆ ದೀಪ ಹಚ್ಚಿದ ಮೇಲೆ ಕಾಲು ತೊಳೆದು, ಚಾಪೆಯ ಮೇಲೆ ಕೂತು, ಮೊರದ ತುಂಬ ಕಡ್ಲೆಪುರಿ ಇಟ್ಟುಕೊಂಡು ಆಟ ಶುರು. ಪರದೆಯ ಸಾಲುಗಳನ್ನು ಗಟ್ಟಿಯಾಗಿ ಓದುವ ಕೆಲಸ ನನ್ನದು, ತಪ್ಪಾದಾಗ ಬೈಸಿಕೊಳ್ಳುವ ಕೆಲಸ ಅಪ್ಪನದು. ಅಮ್ಮ ಅಡುಗೆಮನೆಯ ಹೊಸ್ತಿಲಿಗೆ ಒರಗಿ ನೋಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಕೆಲವು ರಾಗಗಳು ನನಗೆ ಗೊತ್ತಿರುತ್ತಿದ್ದವು. ಬೆನ್ನಿಗೆ ಗೊತ್ತಿರುತ್ತಿದ್ದವು ಅನ್ನಬೇಕು, ಅಮ್ಮ ಗುನುಗಿದ್ದೇ ಅವು. ಆದರೆ ಮಾತು ತಿಳಿಯದ ಮೇಲೆ ಯಾವ ಸಾಲು ಅಂತ ಆರಿಸುವುದು? ಅಜ್ಜಿ ಹನ್ನೊಂದರ ತನಕ ಸಲೀಸಾಗಿ ಹತ್ತಿ, ಹನ್ನೆರಡರಲ್ಲಿ ಬೀಳುತ್ತಿದ್ದಳು. ಒಮ್ಮೆ ಹೀಗೆ ಸಿಕ್ಕಿಹಾಕಿಕೊಂಡಾಗ ಅಪ್ಪ ಬಾಯಿ ಹಾಕಿದ.

"ಅವ್ವಾ, ಆ ಬಿಳೀದು ಒತ್ತು, ನಮ್ಮನ್ನ ಕೇಳು."

"ಮನೆಯೋರ್ನ ಕೇಳೋ ಗತಿ ನಂಗಿನ್ನೂ ಬಂದಿಲ್ಲ ಕಣ್ಲಾ ಮಾದ. ಕೇಳುದ್ರೂ ನಿಂಗೇನ್ ಗೊತ್ತದೆ, ಮಣ್ಣು?"

ಅವಳ ಹೆಬ್ಬೆರಳಿನ ಒತ್ತಿಗೆ ನಾಲ್ಕು ಗುಂಡಿಗಳ ಬಣ್ಣ ಸವೆದುಹೋಗಿತ್ತು. ಬಿಳಿ ಗುಂಡಿ ಮಾತ್ರ ಅಂಗಡಿಯಿಂದ ತಂದ ಹಾಗೇ ಇತ್ತು.

ಕಬ್ಬಿನ ಕಾಲ ಮುಗಿಯುತ್ತಾ ಬಂದಾಗ ಮೇಷ್ಟ್ರ ಫೋನು ಬಂತು. ಅವರಿಗೆ ವರ್ಗವಾಗಿತ್ತು, ಭಾನುವಾರ ಬೆಳಿಗ್ಗೆ ಬೆಟ್ಟದ ಬಸ್ಸಿಗೆ ಇಳಿದು ಪೆಟ್ಟಿಗೆ ತೆಗೆದುಕೊಂಡು ಹೋಗುವುದಾಗಿ ಹೇಳಿದರು. ಅಪ್ಪ ಈ ಸುದ್ದಿಯನ್ನು ಊಟದ ನಡುವೆ ಹೇಳಿದ. ಅಜ್ಜಿಯ ಬಾಯಿಗೆ ಹೊರಟ ಮುದ್ದೆಯ ತುತ್ತು ತಟ್ಟೆಗೆ ವಾಪಸು ಬಂತು.

"ಇನ್ನೂ ಕೆಟ್ಟದೆ ಅನ್ನು."

"ಮೇಷ್ಟ್ರಿಗೆ ಸುಳ್ಳು ಯೋಳಕಾದದಾ ಅವ್ವಾ?"

"ಆರು ತಿಂಗ್ಳಿಂದ ಯೋಳ್ತಾ ಇದ್ದದ್ದೇನ್ಲಾ ಮತ್ತೆ?"

ಅಪ್ಪ ಸಾರು ಸುರಿಯುವುದರಲ್ಲಿ ಮಗ್ನನಾದ. ಉಳಿದದ್ದು ನಾಲ್ಕು ದಿನ. ಅಜ್ಜಿ ನಾಲ್ಕೂ ದಿನ ಆಡಿದಳು, ನಾಲ್ಕೂ ದಿನ ಹನ್ನೆರಡರಲ್ಲಿ ಬಿದ್ದಳು.

ಭಾನುವಾರ ಕಾಫಿ ಕುಡಿದವಳೇ ಚಾಪೆ ಹಾಸಿದಳು. ಕಡ್ಲೆಪುರಿಯೂ ಬೇಡ ಅಂದಳು. ಎಂಟು ಗಂಟೆಗೆ ಏಳನೇ ಮೆಟ್ಟಿಲಲ್ಲಿ ಬಿದ್ದಳು, ಎಂಟೂವರೆಗೆ ಒಂಬತ್ತರಲ್ಲಿ. ಅಪ್ಪ ಜಗುಲಿಯಿಂದ ಬಸ್‌ಸ್ಟ್ಯಾಂಡಿನ ಕಡೆ ನೋಡುವುದು, ಒಳಗೆ ಬರುವುದು, ಮತ್ತೆ ಹೋಗುವುದು. ಅಡುಗೆಮನೆಯಲ್ಲಿ ಅಮ್ಮ ಮುದ್ದೆಗೆ ಎಸರಿಟ್ಟು ಹಿಟ್ಟು ಸುರಿದಿದ್ದಳು. ಮೂರನೇ ಸಲ ಅಜ್ಜಿ ಹನ್ನೆರಡನೇ ಮೆಟ್ಟಿಲು ಹತ್ತಿದಳು. ನಾನು ಅವಳ ಮಗ್ಗುಲಿಗೆ ಅಂಟಿಕೊಂಡೆ. ಪೀಪಿಯ ರಾಗ ಬಂತು, ನಿಂತಿತು. ನಾನು ನಾಲ್ಕು ಸಾಲುಗಳನ್ನು ಓದಿದೆ. ಅಜ್ಜಿಯ ಹೆಬ್ಬೆರಳು ಕೆಂಪಿನ ಮೇಲೆ ಹೋಯಿತು, ನೀಲಿಯ ಮೇಲೆ ಹೋಯಿತು, ಎಲ್ಲಿಯೂ ಒತ್ತಲಿಲ್ಲ. ಪರದೆಯ ಮೂಲೆಯಲ್ಲಿ ಅಂಕಿ ಇಳಿಯುತ್ತಿತ್ತು. ನನಗೆ ಆ ರಾಗ ಗೊತ್ತಿತ್ತು. ಅಕ್ಕಿ ತೊಳೆಯುವಾಗಿನದು, ತಲೆ ಬಾಚುವಾಗಿನದು. ಪಾಲಾರಿನ ಅಂಗಳದಲ್ಲಿ ಹುಣಸೆಹಣ್ಣು ಜಜ್ಜುತ್ತಾ ಹಾಡಿದ್ದೂ ಇದನ್ನೇ.

"ಅಜ್ಜೀ, ಇದು ಅಮ್ಮಂದು!" ಅಂತ ಕಿರುಚಿದೆ. "ಅಮ್ಮಂಗೆ ಗೊತ್ತದೆ!"

ಮೂವರೂ ಹೊಸ್ತಿಲ ಕಡೆ ತಿರುಗಿದೆವು. ಅಮ್ಮ ಕೈಯಲ್ಲಿ ಮುದ್ದೆಕೋಲು ಹಿಡಿದು ನಿಂತಿದ್ದಳು, ಕೋಲಿನ ತುದಿಯಿಂದ ಹಿಟ್ಟು ತೊಟ್ಟಿಕ್ಕುತ್ತಿತ್ತು. ಅವಳ ತುಟಿ ಅಲುಗುತ್ತಿತ್ತು. ಒಂಬತ್ತು, ಎಂಟು, ಏಳು. ಅಜ್ಜಿ ಅಮ್ಮನನ್ನು ನೋಡಿದಳು, ಗುಂಡಿಗಳನ್ನು ನೋಡಿದಳು. ಸೋಲುವುದು ಬೇರೆ, ಪಾಲಾರೋಳನ್ನು ಕೇಳುವುದು ಬೇರೆ. ಎರಡರಲ್ಲಿ ಯಾವುದು ಹೆಚ್ಚು ಕಷ್ಟ ಅಂತ ಅವಳ ಮುಖದ ಮೇಲೇ ಲೆಕ್ಕ ನಡೆಯುತ್ತಿತ್ತು. ನಾಲ್ಕು, ಮೂರು. ಅಜ್ಜಿ ಬಿಳಿ ಗುಂಡಿಯನ್ನು ಕುಟ್ಟಿದ ಹಾಗೆ ಒತ್ತಿದಳು.

ಪರದೆಯಲ್ಲಿ ಮಿಂಚುವ ಕೋಟಿನವನು ಕೈಯೆತ್ತಿ ನಕ್ಕ. "ಸಮಯ ನಿಂತಿದೆ. ಮನೆಯವರನ್ನು ಕೇಳಿ," ಅಂದ.

ಅಮ್ಮನೇ ಮೊದಲು ಬಾಯಿಬಿಟ್ಟಳು.

"ನಂಗೆ ಅದು ಕನ್ನಡದಾಗೆ ಬರಾಕಿಲ್ಲ ಅತ್ತೆ."

ಅಜ್ಜಿ ತಲೆ ಎತ್ತಲಿಲ್ಲ. "ಬರೋದ್ರಾಗೇ ಯೋಳು," ಅಂದಳು. ಆಮೇಲೆ ಇನ್ನೂ ಮೆಲ್ಲಗೆ, "ಬಾಯ್ ತಗ್ದು ಯೋಳವ್ವ. ಕೇಳಾನ."

ಅಮ್ಮ ಹಾಡಿದಳು. ಮೊದಲು ಸಣ್ಣಗೆ, ತುದಿಗಾಲಲ್ಲಿ ನಡೆದ ಹಾಗೆ. ಎರಡನೇ ಸಾಲಿಗೆ ದನಿ ಬಿಚ್ಚಿಕೊಂಡಿತು. ಹೊಳೆಯ ಆಚೆ ದಡದಲ್ಲಿರುವ ಅಂಬಿಗನನ್ನು ಒಬ್ಬಳು ಕೂಗಿ ಕರೆಯುವ ಹಾಡು ಅದು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅವತ್ತು ಒಂದು ಮಾತೂ ತಿಳಿಯಲಿಲ್ಲ, ಆದರೂ ನನಗೆ ಕುಣಿದಾಡಬೇಕು ಅನ್ನುವಷ್ಟು ಖುಷಿ, ಅಳು ಕೂಡ. ಗೋಡೆಗೆ ಒರಗಿದ್ದ ಸತ್ತ ಟೀವಿಗಳ ಗಾಜೆಲ್ಲ ಸಣ್ಣಗೆ ಗುಂಯ್‌ಗುಟ್ಟಿತು. ಒಳಗೆ ಮುದ್ದೆ ತಳ ಹತ್ತಿದ ವಾಸನೆ ಬಂದರೂ ಯಾರೂ ಅಲುಗಲಿಲ್ಲ. ಬಾಗಿಲಲ್ಲಿ ಮೇಷ್ಟ್ರು ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಕಾಲಲ್ಲೇ ಇಟ್ಟುಕೊಂಡು ನಿಂತಿದ್ದರು. ಅವರು ಯಾವಾಗ ಬಂದರೋ ನಮಗ್ಯಾರಿಗೂ ಗೊತ್ತಾಗಿರಲಿಲ್ಲ. ಅಮ್ಮ ಚರಣಕ್ಕೆ ಏರಿದಾಗ ಅಜ್ಜಿ ತೊಡೆ ತಟ್ಟಿದಳು.

"ಅಯ್ಯೋ ಇವ್ಳ! ಇದು ನಮ್ದೇ ಪದ ಕಣೇ! ಟೆಂಟಿನಾಗೆ ನೋಡಿದ್ದೀನಿ, ಈ ಮಾದ ಹೊಟ್ಟೇಲಿದ್ದ!"

ಅಂದವಳೇ ಅದೇ ರಾಗಕ್ಕೆ ಕನ್ನಡದ ಸಾಲು ಹಿಡಿದಳು. ಪೀಪಿಯಲ್ಲೂ ಅಮ್ಮನ ಗುನುಗಿನಲ್ಲೂ ಸಿಗದ ಗುರುತು ಅವಳಿಗೆ ಗಂಟಲಿನಲ್ಲಿ ಸಿಕ್ಕಿತ್ತು. ಒಬ್ಬಳು ತಮಿಳಿನಲ್ಲಿ, ಇನ್ನೊಬ್ಬಳು ಎಲೆ ಅಡಿಕೆಯ ಬಾಯಲ್ಲಿ ಕನ್ನಡದಲ್ಲಿ, ಒಂದೇ ರಾಗದ ಮೇಲೆ ಕೊನೆಯ ತನಕ ಹೋದರು. ಅಜ್ಜಿಯ ದನಿ ಹಂಚಿನ ಮೇಲೆ ಕಲ್ಲು ಉಜ್ಜಿದಂತಿತ್ತು, ಹೇಳದೆ ಇರುವುದು ಹೇಗೆ? ಕೋಟಿನವನು ಅಷ್ಟು ಹೊತ್ತೂ ಕೈಯೆತ್ತಿಕೊಂಡೇ ಇದ್ದ. ಹಾಡು ಮುಗಿಯಿತು. ಗುಂಡಿ ಒತ್ತಬೇಕು ಅಂತ ಅಪ್ಪ ಅಜ್ಜಿಗೆ ನೆನಪಿಸಬೇಕಾಯಿತು.

"ಕೂಸೇ, ಅದು ಯಾವ ಬಣ್ಣ?" ಅಂದಳು.

"ಹಳದಿ, ಅಜ್ಜಿ."

ಒತ್ತಿದಳು. ಪರದೆಯ ತುಂಬ ಪಟಾಕಿ. ನಾನು ಚಾಪೆಯ ಮೇಲೆ ಲಾಗ ಹೊಡೆದೆ. ಅಪ್ಪ ಮೇಷ್ಟ್ರ ಕೈ ಕುಲುಕಿದ, ಮೇಷ್ಟ್ರೂ ಏನೂ ತಿಳಿಯದೆ ಕುಲುಕಿದರು. ಗೆದ್ದವರ ಹೆಸರು ಬರೆಯಿರಿ ಅಂತ ಪರದೆ ಕೇಳಿತು. ನಾನು ಅಜ್ಜಿಯ ಹೆಸರಿನ ಮೊದಲಕ್ಷರ ಹುಡುಕಲು ಹೊರಟರೆ ಅವಳು ನನ್ನ ಕೈ ಹಿಡಿದಳು.

"ನಂದಲ್ಲ. ಅವ್ಳದಾಕು."

"ಪಾಲಾರೋಳು ಅಂತ ಹಾಕ್ಲಾ?"

"ಯಾಕೆ, ಅವ್ಳಿಗೆ ಹೆಸ್ರಿಲ್ವಾ? ವಳ್ಳಿ ಅಂತಾಕು."

ಆ ಮನೆಯಲ್ಲಿ ಅಜ್ಜಿಯ ಬಾಯಿಂದ ಅಮ್ಮನ ಹೆಸರು ನಾನು ಕೇಳಿದ್ದು ಅದೇ ಮೊದಲು. ಅಮ್ಮ ಮುದ್ದೆಕೋಲನ್ನು ಹಿಡಿದುಕೊಂಡೇ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹಣೆಗೆಲ್ಲ ಹಿಟ್ಟು ಮಾಡಿಕೊಂಡಳು.

ಮೇಷ್ಟ್ರು ಎರಡನೇ ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದರು.

"ಇದು ಕೆಟ್ಟಿತ್ತಲ್ಲಪ್ಪಾ?"

"ಟೆಸ್ಟಿಂಗ್ ಮಾಡ್ತಿದ್ದೆ ಸಾ," ಅಂದ ಅಪ್ಪ.

ಮೇಷ್ಟ್ರು ಪುಣ್ಯಾತ್ಮರು, ನಕ್ಕುಬಿಟ್ಟರು. ಸೀದ ಮುದ್ದೆಯನ್ನು ನಮ್ಮ ಜೊತೆಯಲ್ಲೇ ಕೂತು ಉಂಡರು. ಗಂಟು ಗಂಟು ಮುದ್ದೆ ಮಾಡಿದ ಸೊಸೆಯನ್ನು ಅಜ್ಜಿ ಅವತ್ತು ಒಂದು ಮಾತೂ ಅನ್ನಲಿಲ್ಲ. ಊಟವಾದ ಮೇಲೆ ಅಪ್ಪ ಪೆಟ್ಟಿಗೆಯ ತಂತಿ ಕೀಳಲು ಬಹಳ ಹೊತ್ತು ತೆಗೆದುಕೊಂಡ. ತಂತಿ ಕಿತ್ತರೆ ಒಳಗೆ ಬರೆದ ಹೆಸರೂ ಅಳಿಸಿಹೋಗುತ್ತದೆ ಅಂತ ಅವನೊಬ್ಬನಿಗೇ ಗೊತ್ತಿತ್ತು, ಅದನ್ನು ನನ್ನ ಮದುವೆಯ ವರ್ಷ ಹೇಳಿದ. ನಾನಂತೂ ಅಲ್ಲಿಯ ತನಕ, ಅಮ್ಮನ ಹೆಸರು ಆ ಪೆಟ್ಟಿಗೆಯೊಳಗೆ ಕೂತು ಊರೂರು ತಿರುಗುತ್ತಿದೆ ಅಂತಲೇ ನಂಬಿದ್ದೆ.

ಆ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಅಭ್ಯಾಸಬಲದಿಂದ ಚಾಪೆ ಹಾಸಿ ಕೂತಳು. ಟೀವಿ ಇತ್ತು, ಪೆಟ್ಟಿಗೆ ಇರಲಿಲ್ಲ. ಅಮ್ಮ ಸೊಪ್ಪು ಬಿಡಿಸುತ್ತಾ ಪಕ್ಕದಲ್ಲಿದ್ದಳು, ಬಾಯಿ ಮುಚ್ಚಿಕೊಂಡು ಗುನುಗುತ್ತಿದ್ದಳು. ರೂಢಿ ಅಷ್ಟು ಬೇಗ ಬಿಡುತ್ತದೆಯೇ? ಅಜ್ಜಿ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಕೈಚಾಚಿ ಅಮ್ಮನ ಮೊಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು, ಗುಂಡಿ ಒತ್ತಿದ ಹಾಗೆ. ಅಮ್ಮನಿಗೆ ತಕ್ಷಣ ತಿಳಿಯಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಹಾಡು ಬೇಕಾದವರು ಅಮ್ಮನ ಮೊಣಕಾಲು ಒತ್ತುವುದೇ ಪದ್ಧತಿಯಾಯಿತು. ಅಪ್ಪನೂ ಒತ್ತುತ್ತಿದ್ದ, ಯಾರೂ ಇಲ್ಲದಾಗ. ನಾನು ನೋಡಿದ್ದೇನೆ. ಮಾತು ಗೊತ್ತಿಲ್ಲದ ಹಾಡನ್ನೂ ಮನಸ್ಸಿಟ್ಟು ಕೇಳುವುದನ್ನು, ಬಾಯಿ ಮುಚ್ಚಿಕೊಂಡಿರುವವರ ಹತ್ತಿರ ಏನೋ ಇದೆ ಅಂತ ಅನುಮಾನ ಪಡುವುದನ್ನು ನಾನು ಕಲಿತದ್ದು ಆ ನಡುಮನೆಯಲ್ಲಿ, ಕೆಟ್ಟ ಟೀವಿಗಳ ಮುಂದೆ.

ಈಗ ನಾನಿರುವುದು ಕೊಳ್ಳೇಗಾಲದಲ್ಲಿ. ಅಜ್ಜಿಗೆ ತೊಂಬತ್ತರ ಹತ್ತಿರ, ಕಿವಿ ಅಷ್ಟಕ್ಕಷ್ಟೆ. ಹೋದ ಭಾನುವಾರ ನನ್ನ ಮಗಳು ಫೋನಿನಲ್ಲಿ ಅಂಥದೇ ಒಂದು ಹಾಡಿನ ಆಟ ಇಳಿಸಿಕೊಂಡು, ಮುತ್ತಜ್ಜಿಯನ್ನು ಸೋಲಿಸುತ್ತೇನೆ ಅಂತ ನನ್ನ ಜೊತೆ ಯಳಂದೂರಿಗೆ ಬಂದಳು. ಅಜ್ಜಿ ಮಂಚದ ಮೇಲೆ ಕೂತು ಫೋನನ್ನು ಕಿವಿಗೆ ಹಿಡಿದು ಮೂರು ರಾಗ ಕೇಳಿದಳು. ಎರಡಕ್ಕೆ ಉತ್ತರ ಹೇಳಿದಳು. ಮೂರನೆಯದಕ್ಕೆ ಫೋನನ್ನು ನನ್ನ ಮಗಳ ಕೈಗೆ ಕೊಟ್ಟು, ಮಗ್ಗುಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮನ ಮೊಣಕಾಲನ್ನು ಹುಡುಕಿ ಒತ್ತಿದಳು.

"ತಡೀರಿ ಅತ್ತೆ, ಇದೊಂದಿಷ್ಟು ಮುಗಿಸ್ಬುಡ್ತೀನಿ," ಅಂದಳು ಅಮ್ಮ.

"ಸಮಯ ನಿಂತದೆ," ಅಂದಳು ಅಜ್ಜಿ. "ಯೋಳು ವಳ್ಳಿ."

ಅಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ ಬಾಯಿ ತೆರೆದಳು.